ಹಲ್ಲು ಕೊನೆಗೆ ಬರೆಯಬೇಕು

ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಮೋಲ್ಡ್ ಹಾಕಿದ ಮಾರನೆಯ ದಿನವೇ ಮುಂದಿನ ಕಂಬಿಗೆ ಒಂದು ದೃಷ್ಟಿಬೊಂಬೆ ಕಟ್ಟಿದರು. ತಗಡಿನ ಮೇಲೆ ಬಣ್ಣದಲ್ಲಿ ಬರೆದ ರಾಕ್ಷಸನ ಮುಖ. ದಪ್ಪ ಮೀಸೆ, ಗದ್ದದವರೆಗೆ ಇಳಿಬಿಟ್ಟ ಕೆಂಪು ನಾಲಗೆ, ಬಾಯಿ ತುಂಬ ಹಲ್ಲು. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಬರುತ್ತಿದ್ದ ನಾನು ಅಲ್ಲೇ ನಿಂತು ಅದನ್ನು ನೋಡಿದೆ. ಗಾರೆ ಕೆಲಸದ ಮೇಸ್ತ್ರಿಗೆ ಖುಷಿಯಾಯಿತು.

"ಹೆಂಗದೆ ಸಾ?" ಅಂದ.

"ಹಲ್ಲು ಮೊದ್ಲು ಬರ್ದ್‌ಬುಟ್ಟವ್ನೆ," ಅಂದೆ.

ಮೇಸ್ತ್ರಿ ಒಂದು ಗಳಿಗೆ ನನ್ನ ಬಾಯನ್ನೇ ನೋಡಿದ. ನೋಡುವಂಥದ್ದು ಅಲ್ಲಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಹಲ್ಲು ಮೊದಲು ಬರೆದರೆ ಏನಾಗುತ್ತದೆ ಅಂದರೆ, ಉಳಿದ ಮುಖಕ್ಕೆ ಜಾಗ ಸಾಲುವುದಿಲ್ಲ. ತುಟಿ, ಕೆನ್ನೆ, ಕಣ್ಣು ಎಲ್ಲ ಹಲ್ಲಿನ ಸುತ್ತ ಮದುವೆಮನೆ ನೆಂಟರ ಹಾಗೆ ಒತ್ತಿಕೊಂಡು ಕೂರಬೇಕಾಗುತ್ತದೆ. ಅಂಥ ರಾಕ್ಷಸ ಯಾರನ್ನೂ ಹೆದರಿಸುವುದಿಲ್ಲ, ಫೋಟೋ ತೆಗೆಸಿಕೊಳ್ಳಲು ನಿಂತವನ ಹಾಗೆ ಸುಮ್ಮನೆ ಹಲ್ಲು ಕಿರಿಯುತ್ತಾನೆ. ಈ ವಿದ್ಯೆ ನನ್ನದಲ್ಲ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ತಾಂಡ್ಯದ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುವವನು. ಸ್ಕೇಲು ಹಿಡಿದರೂ ನನ್ನ ಗೆರೆ ನೆಟ್ಟಗೆ ಬರುವುದಿಲ್ಲ. ವಿದ್ಯೆ ನನ್ನ ತಂಗಿ ಸುಂದ್ರಿಯದು. ಅವಳು ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಊರ ಮಕ್ಕಳಿಗೆಲ್ಲ ಅ ಆ ಇ ಈ ಕಲಿಸುವುದರ ಜೊತೆಗೆ ಗುಮ್ಮ ಬರೆಯುವುದನ್ನೂ ಕಲಿಸುತ್ತಾಳೆ. ಗುಮ್ಮ ನಿಮಗೆ ಗೊತ್ತೇ ಇರುತ್ತದೆ. ಉಣ್ಣದ ಮಕ್ಕಳನ್ನು ಹೊತ್ತುಕೊಂಡು ಹೋಗಲಿ ಅಂತ ಎಲ್ಲ ಅವ್ವಂದಿರೂ ಸಾಕಿಕೊಂಡಿರುವ ಪ್ರಾಣಿ.

ಈಗ ನನ್ನ ಹಲ್ಲಿನ ವಿಷಯ. ನನ್ನ ಮೇಲಿನ ಎರಡು ಹಲ್ಲು ತುಟಿಯ ಮಾತು ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡರೂ ಅವು ಆಚೆ ನಿಂತು ಬೀದಿ ನೋಡುತ್ತಿರುತ್ತವೆ. "ಮಳೆ ಬಂದ್ರೆ ನಿನಗೆ ಮೊದ್ಲು ನೆನೆಯೋದು ಹಲ್ಲೇ ಕಣ್ಲಾ," ಅನ್ನುತ್ತಿದ್ದಳು ನಮ್ಮವ್ವ, ಅದೂ ಮುದ್ದಿನಿಂದಲೇ. ಹಲ್ಲುಪುಡಿಗೆ ನಾಡೆಲ್ಲ ಹೆಸರಾದ ನಂಜನಗೂಡಿನಲ್ಲಿ ಸಂಸಾರ ಮಾಡುವವನಿಗೆ ಇಂಥ ಹಲ್ಲು ಕೊಟ್ಟ ಆ ದೇವರಿಗೆ ತಮಾಷೆ ಗೊತ್ತು. ಆ ಗುಲಾಬಿ ಬಣ್ಣದ ಹಲ್ಲುಪುಡಿಯಿಂದ ನನ್ನ ಹಲ್ಲಿಗೇನೂ ಉಪಕಾರವಾಗಲಿಲ್ಲ. ಆದರೆ ಸುಂದ್ರಿ ಅದನ್ನು ನೀರಿನಲ್ಲಿ ಕಲಸಿ ತನ್ನ ಗುಮ್ಮಗಳ ನಾಲಗೆಗೆ ಬಳಿಯುತ್ತಿದ್ದಳು. ಅವಳ ಜೀವನದ ಮೊದಲ ಬಣ್ಣ ಅದೇ.

ಇಷ್ಟು ಸುತ್ತಿ ಬಳಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹೇಳಬೇಕಾದ್ದು ಬೇರೆ. ನಾನು ಪುಕ್ಕಲ. ಈಗಲೂ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಇಬ್ಬರು ಜೊತೆಗಾರರನ್ನು ಟೀ ಕುಡಿಸಿಯಾದರೂ ಮನೆತನಕ ಕರೆದುಕೊಂಡು ಬರುತ್ತೇನೆ. ಹೆದರುವುದು ತಪ್ಪಲ್ಲ ಅಂತ ಯಾರಾದರೂ ಹೇಳಬಹುದು. ನನ್ನ ಪಾಲಿನ ಹೆದರಿಕೆಯನ್ನು ನನಗಿಂತ ಚಿಕ್ಕವಳ ತಲೆ ಮೇಲೆ ಹೇರಿದೆನಲ್ಲ, ಅದಕ್ಕೆ ಏನು ಹೇಳುತ್ತೀರಿ?

ನಮ್ಮ ಊರು ಚಿಕ್ಕಯ್ಯನಛತ್ರದ ಕಡೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಗೆ ಭಾಗ್ಯಜ್ಯೋತಿಯ ಒಂದೇ ಬಲ್ಬು. ಅದು ನಡುಮನೆಯಲ್ಲಿ ಉರಿದರೆ ಹಿತ್ತಿಲಿಗೆ ಬೆಳಕಿನ ವಾಸನೆಯೂ ತಗಲುತ್ತಿರಲಿಲ್ಲ. ಹಿತ್ತಿಲ ಬಾಗಿಲು ತೆಗೆದರೆ ಬಚ್ಚಲು, ಬಚ್ಚಲಾಚೆ ತಿಪ್ಪೆ, ತಿಪ್ಪೆಯಾಚೆ ಒಂದು ಹುಣಸೆಮರ. ಅವ್ವನ ಗುಮ್ಮ ಇದ್ದದ್ದು ಆ ಮರದಲ್ಲಿ. ನಮ್ಮ ಕೋಳಿಗಳು ಮಲಗುತ್ತಿದ್ದದ್ದು ತಿಪ್ಪೆಯ ಪಕ್ಕದ ಮೂಲೆಯಲ್ಲಿ. ಸಂಜೆ ಅವು ತಾವಾಗಿಯೇ ಬಂದು ಮೂಲೆ ಸೇರಿಕೊಂಡ ಮೇಲೆ ಅವುಗಳ ಮೇಲೆ ದೊಡ್ಡ ಮಂಕರಿ ಕವುಚಿ, ಮಂಕರಿಯ ಮೇಲೆ ಕಲ್ಲು ಇಡಬೇಕು. ಇಲ್ಲದಿದ್ದರೆ ಕಾಡುಬೆಕ್ಕು ಬರುತ್ತದೆ. ಇದಕ್ಕೆ ಕೋಳಿ ಮುಚ್ಚುವುದು ಅನ್ನುತ್ತಾರೆ. ಮನೆಯ ದೊಡ್ಡ ಹುಡುಗ ನಾನಾದ್ದರಿಂದ ಅದು ನನ್ನ ಕೆಲಸ.

ಅವ್ವ ಗದ್ದೆಯಿಂದ ಬಂದು ಒಲೆ ಹಚ್ಚುತ್ತಾ ಒಳಗಿನಿಂದಲೇ ಕೂಗುವಳು. "ಏ ಶಿವು, ಕೋಳಿ ಮುಚ್ಚಿದ್ಯೇನ್ಲಾ?"

"ಮುಚ್ತಾ ಇವ್ನಿ ಕಣವ್ವ," ಅಂತ ನಾನು ನಡುಮನೆಯ ಬಲ್ಬಿನ ಕೆಳಗೆ ನಿಂತುಕೊಂಡೇ ಹೇಳುವೆನು.

ನನಗೆ ಆಗ ಹನ್ನೊಂದೋ ಹನ್ನೆರಡೋ. ಸುಂದ್ರಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳನ್ನು ಪಕ್ಕಕ್ಕೆ ಕರೆದು ಒಂದು ಸಂಜೆ ಹೇಳಿದೆ: "ಸುಂದ್ರಿ, ಗುಮ್ಮ ಹಿಡ್ಕೊಂಡು ಓಗೋದು ಗಂಡುಮಕ್ಕಳ್ನ ಮಾತ್ರ ಕಣೆ. ಹೆಣ್ಮಕ್ಕಳ ತಂಟೆಗೆ ಅದು ಬರಲ್ಲ."

"ಯಾಕೆ?"

"ಬಳೆ ಸದ್ದು ಕಂಡ್ರೆ ಅದಕ್ಕಾಗಲ್ಲ. ಕಿವಿ ನೋಯ್ತದೆ."

ಅವಳು ತನ್ನ ಕೈಯ ಗಾಜಿನ ಬಳೆಗಳನ್ನು ನೋಡಿಕೊಂಡಳು. ನನ್ನ ಮುಖವನ್ನೂ ನೋಡಿದಳು. ಆಮೇಲೆ ಕೈಯನ್ನು ತಲೆಯ ಮೇಲೆತ್ತಿ ಗಲಗಲ ಅಲ್ಲಾಡಿಸಿಕೊಂಡು ಕತ್ತಲಿಗೆ ಇಳಿದೇಬಿಟ್ಟಳು. ನಾನು ಹಿತ್ತಿಲ ಬಾಗಿಲಲ್ಲಿ, ಬಾಗಿಲ ಹಲಗೆಯ ಹಿಂದೆ ನಿಂತು ಅರ್ಧ ಮುಖ ಮಾತ್ರ ಆಚೆ ಹಾಕಿ ನೋಡುತ್ತಿದ್ದೆ. ಅವತ್ತಿನಿಂದ ದಿನಾ ಅದೇ ಆಯಿತು. ಒಂದು ಸಂಜೆ ಬಂದು, "ಅಣ್ಣ, ಇವತ್ತು ಬಳೆ ಒಡೆದೋದ್ವು," ಅಂದಳು. ನಾನು ಯೋಚನೆಯನ್ನೂ ಮಾಡದೆ ಒಂದು ತಟ್ಟೆ ಮತ್ತು ಸೌಟು ತಂದುಕೊಟ್ಟೆ. ಅವಳು ತಟ್ಟೆ ಬಡಿದುಕೊಂಡು ಹೋಗಿ ಕೋಳಿ ಮುಚ್ಚಿ ಬಂದಳು. ಕೋಳಿಗಳು ಆ ರಾತ್ರಿ ನಿದ್ದೆ ಮಾಡಿರಲಾರವು.

ಆಮೇಲೆ ಆ ಸಂಜೆ ಬಂತು. ಬಳೆ ಸದ್ದು ತಿಪ್ಪೆಯ ಹತ್ತಿರ ಹೋಗಿತ್ತು. ಇದ್ದಕ್ಕಿದ್ದ ಹಾಗೆ ಕೋಳಿಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಹುಣಸೆಮರದ ಕಡೆ ಏನೋ ದಪದಪ ಸದ್ದಾಯಿತು. ನನ್ನ ಕೈ ಬಾಗಿಲನ್ನು ಎಳೆದು ಚಿಲಕ ಹಾಕಿತು. ಕೈ ಅಂತ ಹೇಳಿ ತಪ್ಪಿಸಿಕೊಳ್ಳುವುದು ಬೇಡ, ಹಾಕಿದವನು ನಾನೇ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಈಗ ಬಡಿಯುತ್ತಾಳೆ, ಈಗ ಬಡಿಯುತ್ತಾಳೆ ಅಂತ ಕಾದೆ. ಅವಳು ಬಡಿಯಲಿಲ್ಲ. ಬಳೆ ಸದ್ದೂ ನಿಂತುಹೋಯಿತು. ತೆಗೆದು ನೋಡುವ ಧೈರ್ಯ ನನಗೆ ಬರಲಿಲ್ಲ. ಒಲೆ ಹತ್ತಿರ ಹೋಗಿ ಅವ್ವನ ಪಕ್ಕ ಕೂತೆ.

"ಸುಂದ್ರಿ ಎಲ್ಲಿ?" ಅಂದಳು ಅವ್ವ, ಮುದ್ದೆ ಇಳಿಸುವ ಹೊತ್ತಿಗೆ.

"ಬತ್ತಾಳೆ."

ಅವ್ವ ಎದ್ದು ಹೋಗಿ ಹಿತ್ತಿಲ ಬಾಗಿಲು ತೆಗೆದಳು. ಸುಂದ್ರಿ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಕೈಯೂ ಮಸಿ. "ಇಲ್ಲಿ ಯಾಕ್ ಕೂತಿದ್ದೀಯೆ?" ಅಂತ ಅವ್ವ ಕೇಳಿದ್ದಕ್ಕೆ, "ಕೋಳಿ ಮುಚ್ಚಿದೆ ಕಣವ್ವ," ಅಂದಳು. ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ಕೈ ತೊಳೆದುಕೊಂಡು ನನ್ನ ಪಕ್ಕದಲ್ಲೇ ಕೂತು ಉಂಡಳು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಹಿತ್ತಿಲ ಬಾಗಿಲ ಆಚೆ ಮುಖದ ಮೇಲೆ, ಬುಡದಿಂದ ಅವಳ ಕೈ ಎಟುಕುವಷ್ಟು ಎತ್ತರಕ್ಕೆ, ಇದ್ದಿಲಿನಲ್ಲಿ ಬರೆದ ಒಂದು ಗುಮ್ಮ. ಬಚ್ಚಲಿನ ನೀರೊಲೆಯ ಇದ್ದಿಲು. ಕಂಬದಂಥ ಕಾಲು, ಗುಡಾಣದಂಥ ಹೊಟ್ಟೆ, ಬಾಯಿಂದ ಆಚೆ ಬಂದ ಎರಡು ಹಲ್ಲು. ರಾತ್ರಿ ಕತ್ತಲಲ್ಲಿ ಅವಳು ಕಂಡದ್ದು ಇದೇ ಅಂದುಕೊಂಡೆ. ಅಪ್ಪ ಏಳುವ ಮೊದಲೇ ತೆಂಗಿನ ನಾರು, ಬೂದಿ ತಂದು ತಿಕ್ಕಿ ತಿಕ್ಕಿ ಅಳಿಸಿಹಾಕಿದೆ. ಏನು ಕಂಡೆ ಅಂತ ಅವಳನ್ನು ಕೇಳಲೇ ಇಲ್ಲ. ಕೇಳಿದರೆ ಹೇಳಿಬಿಡುತ್ತಾಳಲ್ಲ. ಚಿಲಕ ಹಾಕಿದವನು ಅಣ್ಣನೇ ಅಂತ ಗೊತ್ತಾಯಿತೇ ಅಂತಲೂ ಕೇಳಲಿಲ್ಲ. ಸಂಜೆಯಾದ ಮೇಲೆ ಅವಳು ತಾನಾಗಿಯೇ ಬಳೆ ಅಲ್ಲಾಡಿಸಿಕೊಂಡು ಹೊರಟಳು. ನಾನು ಬಾಗಿಲಲ್ಲಿ ನಿಂತೆ. ಆಮೇಲೆ ಎಂದೂ ಚಿಲಕ ಮುಟ್ಟಲಿಲ್ಲ. ಆದರೆ ಆ ಎರಡು ಪ್ರಶ್ನೆ ನನ್ನೊಳಗೆ ಹೊಕ್ಕವು ಹಾಗೇ ಕೂತುಬಿಟ್ಟವು.

ಸುಂದ್ರಿ ಅಲ್ಲಿಂದಾಚೆ ಬರೆಯುವುದನ್ನು ಬಿಡಲಿಲ್ಲ. ಸ್ಲೇಟು, ಕಣದ ಮಣ್ಣು, ದನದ ಕೊಟ್ಟಿಗೆಯ ಗೋಡೆ, ಎಲ್ಲ ಕಡೆ ಗುಮ್ಮ. ಅವರೆ ಸೊಪ್ಪು ಉಜ್ಜಿ ಹಸಿರು, ಅರಿಶಿನ ಕದ್ದು ಹಳದಿ, ನನ್ನ ಹಲ್ಲುಪುಡಿ ಕದ್ದು ನಾಲಗೆ. "ಮನೆ ಗೋಡೆನೆಲ್ಲ ದೆವ್ವಗಳ ಸಂತೆ ಮಾಡ್‌ಬುಟ್ಟಳಲ್ಲ," ಅಂತ ಅವ್ವ ಬೈಯುತ್ತಿದ್ದಳು, ಆದರೆ ಹಬ್ಬ ಬರುವತನಕ ಸುಣ್ಣ ಹೊಡೆಯುತ್ತಿರಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದಳು. ಒಂದು ಸಲ ಅಪ್ಪ ಗದ್ದೆಯ ಬೆರ್ಚಪ್ಪನಿಗೆ ತಲೆ ಮಾಡಲು ಒಂದು ಒಡಕು ಮಡಕೆ ಕೊಟ್ಟು, "ಇದಕ್ಕೊಂದು ಮುಖ ಬರಿ ಮಗ, ಗಿಳಿ ಬರಬಾರ್ದು ಅಂಗೆ," ಅಂದ. ಬರೆದಳು. ಗಿಳಿಗಳು ಆ ಬೆರ್ಚಪ್ಪನ ತಲೆ ಮೇಲೆಯೇ ಕೂತು ತೆನೆ ತಿಂದವು. ಆದರೆ ಮುಚ್ಚಂಜೆಯಲ್ಲಿ ನೀರು ಕಟ್ಟಲು ಹೋದ ಅಪ್ಪ, ತಾನೇ ನಿಲ್ಲಿಸಿದ ಬೆರ್ಚಪ್ಪ ಅನ್ನುವುದನ್ನು ಮರೆತು, ಗುದ್ದಲಿ ಅಲ್ಲೇ ಬಿಟ್ಟು ಓಡಿಬಂದ. ಓಡುವುದು ನಮ್ಮ ವಂಶದಲ್ಲೇ ಇದೆ ಅಂತ ಅವತ್ತು ನನಗೆ ಒಂದಿಷ್ಟು ಸಮಾಧಾನವಾಯಿತು.

ನಾನು ಸ್ಕೂಲು ಬಿಟ್ಟೆ. ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಮದುವೆಯಾಗಿ ನರಸೀಪುರದ ಕಡೆಗೆ ಹೋದಳು, ಅಲ್ಲಿ ಅಂಗನವಾಡಿ ಸೇರಿದಳು. ನಾನು ನಂಜನಗೂಡಿಗೆ ಬಂದೆ. ನಮ್ಮೂರ ಪಕ್ಕದ ಹೊಳೆಯೇ ನಂಜನಗೂಡು ಹಾದು ಹೋಗಿ ಅವಳೂರಿನ ಹತ್ತಿರ ಕಾವೇರಿಗೆ ಸೇರುತ್ತದೆ. ಮನೆಯಲ್ಲಿ ಕೂತು ಬೇಜಾರಾದಾಗ ಹೊಳೆ ನೋಡಿಕೊಂಡು, ಈ ನೀರಿಗೆ ನಾಳೆ ಸುಂದ್ರಿ ಸಿಗುತ್ತಾಳೆ ಅಂದುಕೊಳ್ಳುತ್ತೇನೆ. ನೀರು ಬಸ್ಸಿನ ಹಾಗಲ್ಲ, ನಾವು ಕೂತಲ್ಲೇ ಇದ್ದರೂ ನಮ್ಮ ಪರವಾಗಿ ಹೋಗುತ್ತದೆ.

ನನ್ನ ಮಗ ಚೇತು ಒಂದನೇ ಕ್ಲಾಸಿಗೆ ಸೇರಿದಾಗ ಈ ಕತೆ ಮತ್ತೆ ಶುರುವಾಯಿತು. ಆಗ ಬಡಾವಣೆಯಲ್ಲಿ ದಿನಕ್ಕೊಂದು ಮನೆ ಏಳುತ್ತಿದ್ದ ಕಾಲ. ಸ್ಕೂಲಿನ ದಾರಿಯಲ್ಲಿ ಒಂದು ಅರೆಕಟ್ಟಿದ ಮನೆಗೆ ದೃಷ್ಟಿಬೊಂಬೆ ಕಟ್ಟಿದ್ದರು. ಬರಿಯ ತಲೆ, ಕೊಂಬು ಬೇರೆ. ಚೇತು ಅದನ್ನು ಕಂಡವನೇ ನನ್ನ ಪಂಚೆಯೊಳಗೆ ತಲೆ ಹುದುಗಿಸಿದ. ಮಾರನೆಯ ದಿನ ಸ್ಕೂಲಿಗೇ ಹೋಗಲ್ಲ ಅಂದ. ಧೈರ್ಯ ಹೇಳಬೇಕಾದ ಅಪ್ಪ ನಾನು ಏನು ಮಾಡಿದೆ? ಬೇರೆ ದಾರಿ ಹುಡುಕಿದೆ. ಮಾರ್ಕೆಟ್ಟು ಸುತ್ತಿ, ರೈಲ್ವೆ ಗೇಟು ದಾಟಿ, ಎರಡು ಕೇರಿ ಹಾಯ್ದು ಅವನನ್ನು ಸ್ಕೂಲಿಗೆ ಬಿಡುತ್ತಿದ್ದೆ. ನಿಜ ಹೇಳಬೇಕು ಅಂದರೆ ನನಗೂ ಆ ತಲೆಯನ್ನು ನೋಡುವುದು ಬೇಕಿರಲಿಲ್ಲ.

"ಅಪ್ಪ ಮಗ ಇಬ್ರೂ ಸೇರಿ ಊರು ಪ್ರದಕ್ಷಿಣೆ ಆಕ್ಕೊಂಡು ಓಗ್ತೀರಲ್ಲ, ಪುಣ್ಯ ಬರ್ಲಿ," ಅಂದಳು ನನ್ನ ಹೆಂಡತಿ. ಅವಳ ಬಾಯಿಗೆ ಹಲ್ಲುಪುಡಿ ಬೇಕಿಲ್ಲ, ಅದು ಮೊದಲೇ ಚೂಪು.

ದಸರಾ ರಜೆ ಬಂತು. ಕಾಯಿನ್ ಬಾಕ್ಸಿನಿಂದ ಸುಂದ್ರಿಗೆ ಫೋನು ಮಾಡಿದೆ. "ಮಗ ಎದರ್ಕೋತಾನೆ ಕಣೆ," ಅಂದೆ. "ನಿನ್ನ ಮಗ ಅಲ್ವ," ಅಂತ ಅವಳು ಅನ್ನಲಿಲ್ಲ. "ತಂದು ಬಿಟ್ಟೋಗು," ಅಂದಳು.

ರಜೆ ಮುಗಿಯುವ ಹೊತ್ತಿಗೆ ಅವನನ್ನು ಕರೆತರಲು ಹೋದೆ. ಬಸ್ಸಿಳಿದು ಅವಳ ಬೀದಿಗೆ ತಿರುಗಿದಾಗಲೇ ಜಗಲಿಯಿಂದ ಮಕ್ಕಳ ಗದ್ದಲ. ಅಂಗನವಾಡಿ ಮುಗಿದ ಮೇಲೆ ಮಧ್ಯಾಹ್ನ ಅವಳ ಜಗಲಿಯಲ್ಲಿ ಇನ್ನೊಂದು ಸ್ಕೂಲು ನಡೆಯುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹಾಸಿಕೊಂಡು ಮಕ್ಕಳು ಬೋರಲು ಬಿದ್ದಿದ್ದವು. ಮಧ್ಯದಲ್ಲಿ ಇದ್ದಿಲ ಚೂರು, ಅರಿಶಿನದ ನೀರು, ಒಂದು ತೆಂಗಿನ ಚಿಪ್ಪಿನಲ್ಲಿ ಗುಲಾಬಿ ಹಲ್ಲುಪುಡಿ. ಸುಂದ್ರಿ ನನ್ನನ್ನು ಕಂಡು ಕಣ್ಣಿನಲ್ಲೇ ಕೂರು ಅಂದಳು. ಪಾಠ ನಿಲ್ಲಿಸಲಿಲ್ಲ.

"ಮೊದ್ಲು ಏನು?"

"ಕಾಲು," ಅಂದವು ಎಲ್ಲ ಒಟ್ಟಿಗೆ.

"ಯಾಕೆ ಕಾಲು?"

"ಕಾಲಿಲ್ದಿದ್ರೆ ಅದು ನಿಮ್ಮನೆಗೆ ಎಂಗೆ ಬತ್ತದೆ?"

"ಆಮೇಲೆ?"

"ಒಟ್ಟೆ."

"ಎಷ್ಟು ದೊಡ್ಡ ಒಟ್ಟೆ?"

ಎರಡು ಜಡೆಯ ಒಂದು ಪುಟ್ಟ ಹುಡುಗಿ ತಲೆಯೆತ್ತದೆ ಹೇಳಿತು: "ಅದು ಬೆಳಿಗ್ಗೆ ಏನು ತಿಂದದೆ ಅಂತ ಮೊದ್ಲು ಕೇಳ್ಬೇಕು ಮಿಸ್."

"ಮಿಸ್, ಮಾದೇಸ ಆಗ್ಲೇ ಹಲ್ಲು ಬರೀತಾವ್ನೆ," ಅಂತ ಇನ್ನೊಬ್ಬ ಚಾಡಿ ಹೇಳಿದ.

"ಯಾಕ್ಲಾ ಮಾದೇಸ?"

"ಅರ್ಜೆಂಟು ಮಿಸ್."

"ಹಲ್ಲಿಗೆ ಏನ್ಲಾ ಅಂಥ ಅರ್ಜೆಂಟು? ಅದು ಬಾಯಿ ಮುಚ್ಕೊಂಡು ನಿಂತಿರೋವರ್ಗೂ ಒಳಗೆ ಏನದೆ ಅಂತ ನಮಗೆ ತಿಳಿಯಲ್ಲ. ಎದರಿಕೆ ಆಗೋದು ಅದಕ್ಕೇ. ಬಾಯಿ ತಗದ ಮೇಲೆ ಏನದೆ? ಹಲ್ಲು ತಾನೆ? ನಿನಗೂ ಅವೆ, ನನಗೂ ಅವೆ." ನನ್ನ ಕಡೆ ಕೈ ತೋರಿಸಿದಳು. "ನಮ್ಮಣ್ಣನಿಗಂತೂ ಯಾವಾಗ್ಲೂ ಆಚೆನೇ ಅವೆ, ನೋಡು."

ಮಕ್ಕಳೆಲ್ಲ ತಿರುಗಿ ನೋಡಿ ನಕ್ಕವು. ನಾನೂ ನಕ್ಕೆ. ನನ್ನ ಹಲ್ಲಿಗೆ ಆ ಅನುಕೂಲವಿದೆ, ನಗಲು ಬಾಯಿ ತೆಗೆಯಬೇಕಾಗಿಲ್ಲ.

ಒಬ್ಬೊಬ್ಬರೇ ಬರೆದು ತಂದು ತೋರಿಸಿದರು. ಸುಂದ್ರಿ ಹಾಳೆಯನ್ನು ದೂರ ಹಿಡಿದು ನೋಡುತ್ತಾಳೆ, ಮಕ್ಕಳನ್ನು ಮೆಚ್ಚಿಸಲು ಅಯ್ಯೋ ಅಪ್ಪಾ ಅಂತ ನಾಟಕ ಮಾಡುವುದಿಲ್ಲ. ನಿಜವಾಗಿ ಹೆದರಿಕೆಯಾದರೆ ಮಾತ್ರ ಅವಳ ಭುಜ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅದನ್ನು ನೋಡಲು ಮಕ್ಕಳು ಉಸಿರು ಹಿಡಿದು ನಿಂತಿರುತ್ತವೆ. ಒಬ್ಬ ಹುಡುಗನ ಗುಮ್ಮ ಅವಳಿಗೆ ಹಿಡಿಸಲಿಲ್ಲ.

"ಇದಕ್ಕೆ ನಾನು ಎದರ್ಲಿಲ್ಲ ಕಣೋ. ನೀನು ಎದರ್ಕಂಡಾಗ ಅದು ಎಲ್ಲಿತ್ತು?"

"ಮಂಚದ ಕೆಳಗೆ."

"ಮತ್ತೆ ಮಂಚ ಎಲ್ಲಿ? ಮಂಚ ಬರಿ, ಓಗು."

ನಾನು ಎಷ್ಟೋ ಜನ ಮೇಷ್ಟ್ರುಗಳ ಕೈಯಲ್ಲಿ ಏಟು ತಿಂದಿದ್ದೇನೆ. ನಿನಗೆ ಏನಕ್ಕೆ ಹೆದರಿಕೆ ಅಂತ ಯಾರೂ ನನ್ನನ್ನು ಕೇಳಿದ್ದಿಲ್ಲ. ಕೇಳಿದ್ದರೆ ಒಂದೆರಡು ಕ್ಲಾಸು ಹೆಚ್ಚಿಗೆ ಓದುತ್ತಿದ್ದೆನೋ ಏನೋ.

ನೀರಿನ ಬಿಂದಿಗೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಜಗಲಿಯ ಮುಂದೆ ನಿಂತಳು. "ಅಲ್ಲ ಟೀಚರಮ್ಮ, ಮಾವಿನಹಣ್ಣು, ತಾವರೆ ಹೂವು ಬರೆಸ್ಬಾರ್ದಾ? ನನ್ ಮಗ ಅಡಿಗೆಮನೆ ಗೋಡೆ ತುಂಬ ಇವುನ್ನೇ ಬರ್ದು ಮಡಗವ್ನೆ."

"ಈಗ್ಲೂ ರಾತ್ರಿ ಎದ್ದು ಅಳ್ತಾನಾ ಅಕ್ಕ?"

ಆ ಹೆಂಗಸು ಯೋಚನೆ ಮಾಡಿದಳು. "ಇಲ್ಲ. ಗೊರಕೆ ಒಡೀತಾನೆ."

"ಮತ್ತೆ ಗೋಡೆಗೆ ಸುಣ್ಣ ಒಡ್ಕೊ, ಮುಗೀತು."

ಚೇತು ತನ್ನ ಹಾಳೆ ತಂದು ನನ್ನ ತೊಡೆಯ ಮೇಲಿಟ್ಟ. ನಂಜನಗೂಡಿನ ಅದೇ ದೃಷ್ಟಿಬೊಂಬೆ. ಕೊಂಬಿತ್ತು, ನಾಲಗೆಯಿತ್ತು. ಅದರ ಕೆಳಗೆ ಬಡಕಲಾದ ಎರಡು ಉದ್ದ ಕಾಲು, ಕಾಲಿಗೆ ಚಪ್ಪಲಿ.

"ಅದಕ್ಕೆ ಕಾಲಿರ್ಲಿಲ್ಲ ಅಪ್ಪ. ಬರೀ ತಲೆ. ಪಾಪ, ಅಲ್ಲೇ ಕಟ್ಟಾಕವ್ರೆ. ನಾನು ಕಾಲು ಬರ್ಕೊಟ್ಟೆ, ಅದರ ಮನೆಗೆ ಓಗ್ಲಿ ಅಂತ."

ಅವನ ತಲೆ ಸವರಿದೆ. ಆಗ ಹಾಳೆಯ ಮೂಲೆ ಕಣ್ಣಿಗೆ ಬಿತ್ತು. ಅಲ್ಲೊಂದು ಸಣ್ಣ ಬಾಗಿಲು. ಅರ್ಧ ತೆರೆದಿದೆ. ಅದರ ಹಿಂದಿನಿಂದ ಅರ್ಧ ಮುಖ, ಒಂದು ಕಣ್ಣು, ತುಟಿಯಾಚೆ ಹಲ್ಲು.

"ಇದ್ಯಾರ್ಲಾ?"

"ಅಣ್ಣ."

"ಯಾವ ಅಣ್ಣ?"

"ಗೊತ್ತಿಲ್ಲ. ಎಲ್ರ ಚಿತ್ರದಲ್ಲೂ ಇರ್ಬೇಕು. ಅತ್ತೆ ಹೇಳವ್ರೆ."

ಬಗ್ಗಿ ಉಳಿದ ಹಾಳೆಗಳನ್ನು ನೋಡಿದೆ. ಮಾದೇಸನ ಗುಮ್ಮನ ಪಕ್ಕ ಬಾಗಿಲು, ಮಂಚದ ಪಕ್ಕ ಬಾಗಿಲು, ಎಲ್ಲದರ ಹಿಂದೆಯೂ ಆ ಅರ್ಧ ಮುಖ. ಊರಿನ ಅಷ್ಟೂ ಮಕ್ಕಳು ನನ್ನ ಪುಕ್ಕಲುತನವನ್ನು ಬರೆಯಲು ಕಲಿತಿದ್ದವು. ಎರಡು ಜಡೆಯ ಹುಡುಗಿಯನ್ನು ಮೆಲ್ಲಗೆ ಕೇಳಿದೆ, "ಈ ಅಣ್ಣ ಬಾಗ್ಲಿಂದೆ ಯಾಕಮ್ಮ ಅವ್ನೆ? ಎದರ್ಕಂಡವ್ನಾ?"

ಅದು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿತು. "ಅವನು ನೋಡ್ಕತಾ ಅವ್ನೆ. ಅವನು ನೋಡ್ತಾ ಇದ್ರೆ ಗುಮ್ಮ ಏನೂ ಮಾಡಲ್ಲ."

ಮಕ್ಕಳೆಲ್ಲ ಹೋದ ಮೇಲೆ ಸುಂದ್ರಿ ಸೊಪ್ಪಿನ ಕಂತೆ ಬಿಚ್ಚಿಕೊಂಡು ಅಲ್ಲೇ ಕೂತಳು. ನಾನು ಪಕ್ಕದಲ್ಲಿ ಕೂತು ಕಡ್ಡಿ ಮುರಿದುಕೊಡತೊಡಗಿದೆ. ಆ ಹುಡುಗಿ ಹೇಳಿದ ಅಣ್ಣ ನಾನಲ್ಲ ಅಂತ ಹೇಳದೆ ಹೋದರೆ ಅನ್ನ ಇಳಿಯುವುದಿಲ್ಲ ಅನ್ನಿಸಿತು.

"ಸುಂದ್ರಿ, ಒಂದಿನ ಬಾಗ್ಲು ಹಾಕ್‌ಬುಟ್ಟಿದ್ದೆ ಕಣೆ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು."

"ಗೊತ್ತಾ?"

"ಚಿಲಕದ ಸದ್ದು ಆಚೆಗೂ ಕೇಳ್ತದೆ ಕಣಣ್ಣ."

ಇನ್ನೊಂದು ಕಡ್ಡಿ ಮುರಿದೆ. ಆಮೇಲೆ, "ಅವ್ವಂಗೆ ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ಅವ್ವ ನಿನಗೆ ಒಡೆಯೋಳು. ಆಮೇಲೆ ನೀನು ಬಾಗ್ಲಿಗೂ ಬರ್ತಿರ್ಲಿಲ್ಲ. ನಾನೊಬ್ಳೇ ಓಗ್ಬೇಕಿತ್ತು."

ಏಳು ವರ್ಷದ ಹುಡುಗಿ ಮಸಿ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಮಾಡಿದ ಲೆಕ್ಕ ಅದು. ನನ್ನ ಅರ್ಧ ಮುಖವೂ ಅವಳಿಗೆ ಬೇಕಾಗಿತ್ತು.

"ಅವತ್ತು ಆಚೆ ಏನು ಕಂಡೆ?" ಎರಡನೆಯದನ್ನೂ ಕೇಳಿಬಿಟ್ಟೆ.

"ಕಾಡುಬೆಕ್ಕು. ಮರದಿಂದ ನೆಗೀತು, ನನ್ನ ನೋಡ್ತು, ಓಯ್ತು. ಇನ್ನೇನೂ ಇರ್ಲಿಲ್ಲ."

"ಮತ್ತೆ ಬಾಗ್ಲ ಮೇಲೆ ಬರ್ದಿದ್ಯಲ್ಲ, ಆ ಗುಮ್ಮ?"

"ಅದಾ?" ಅವಳು ಈಗ ನಕ್ಕಳು. "ಸಿಟ್ಟು ಬಂದಿತ್ತು. ಮುಂದೆ ಬಾಗ್ಲಿತ್ತು, ನೀರೊಲೇಲಿ ಇದ್ಲಿತ್ತು, ಬರ್ದೆ. ಕಾಲು ಬರ್ದೆ, ಒಟ್ಟೆ ಬರ್ದೆ. ಹಲ್ಲು ಬರೆಯೋ ಹೊತ್ಗೆ ಸಿಟ್ಟು ಇಳಿದೋಗಿತ್ತು. ಯಾರ ಹಲ್ಲು ಬರೀಲಿ ಅಂತ ನೋಡ್ದೆ. ನನಗೆ ಸರಿಯಾಗಿ ಗೊತ್ತಿದ್ದಿದ್ದು ನಿನ್ನವೇ."

ನಾನು ತೆಂಗಿನ ನಾರಿನಲ್ಲಿ ತಿಕ್ಕಿ ಅಳಿಸಿದ್ದು ನನ್ನನ್ನೇ ಅಂತ ಆಗ ತಿಳಿಯಿತು.

"ಮಕ್ಕಳ ಕೈಲಿ ಮಾತ್ರ ತೆಗೆದಿರೋ ಬಾಗ್ಲು ಬರೆಸ್ತೀಯ," ಅಂದೆ.

"ದಿನಾ ತೆಗೆದೇ ಇತ್ತಲ್ಲಣ್ಣ. ಒಂದಿನದ್ದನ್ನ ಎಷ್ಟು ಸಲ ಬರೆಸ್ಲಿ?" ಸೊಪ್ಪನ್ನು ಮೊರಕ್ಕೆ ತುಂಬಿಕೊಂಡು ಎದ್ದಳು. "ಆದ್ರೆ ಆ ಬಳೆ ಕತೆ ಹೇಳ್ದಲ್ಲ, ಅದನ್ನ ಮಾತ್ರ ನಾನು ಯಾವತ್ತೂ ನಂಬ್ಲಿಲ್ಲ."

ಹೊತ್ತು ಇಳಿಯಿತು. ಸುಂದ್ರಿಯ ಮನೆಯಲ್ಲೂ ಕೋಳಿಗಳಿವೆ. ಅವಳ ಹಿತ್ತಿಲಲ್ಲೂ ತಿಪ್ಪೆಯಿದೆ, ಹುಣಸೆಮರದ ಬದಲು ಹೊಂಗೆಮರ. ಒಳಗಿನಿಂದ ಅವಳು ಕೂಗಿದಳು, "ಯಾರ್ಲಾ ಅಲ್ಲಿ, ಕೋಳಿ ಮುಚ್ಚಿದ್ರಾ?" ಥೇಟು ಅವ್ವನ ದನಿ.

"ನಾನು ಓಯ್ತೀನಿ," ಅಂತ ಚೇತು ಎದ್ದ. ರಜೆ ಪೂರ್ತಿ ಅದು ಅವನ ಕೆಲಸವಾಗಿತ್ತಂತೆ. ಹಿತ್ತಿಲ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ. "ಅಪ್ಪ, ನೀನು ಬಾಗ್ಲಲ್ಲಿ ನಿಂತ್ಕೊ. ಅತ್ತೆ ದಿನಾ ನಿಂತ್ಕೋತಾರೆ."

ನಿಂತೆ. ಅವನು ಕತ್ತಲಿಗೆ ಇಳಿದ. ಬಿಳಿ ಅಂಗಿ ತಿಪ್ಪೆಯ ತನಕ ಕಾಣಿಸಿತು, ಆಮೇಲೆ ಅದೂ ಕಾಣಿಸಲಿಲ್ಲ. ಮಂಕರಿ ಎಳೆದ ಸದ್ದು. ಅಷ್ಟರಲ್ಲಿ ಕೋಳಿಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಹೊಂಗೆಮರದಲ್ಲಿ ಏನೋ ದಪದಪ ಅಂತು.

ನನ್ನ ಕೈ ಬಾಗಿಲಿನ ಹಲಗೆಯನ್ನು ಹಿಡಿದು ಎಳೆಯಿತು.

ಬಾಗಿಲು ಅಲುಗಲಿಲ್ಲ. ಬಗ್ಗಿ ನೋಡಿದೆ. ಹಲಗೆಗೆ ಅಡ್ಡವಾಗಿ ಒಂದು ಗುಂಡುಕಲ್ಲು ಒತ್ತು ಕೊಟ್ಟಿತ್ತು, ರುಬ್ಬುವ ಗುಂಡು, ಎರಡು ಕೈ ಹಚ್ಚಿದರೆ ಮಾತ್ರ ಏಳುವಂಥದ್ದು. ಮಧ್ಯಾಹ್ನ ನಾನು ಕೈಕಾಲು ತೊಳೆಯಲು ಹೋದಾಗ ಅದು ಅಲ್ಲಿರಲಿಲ್ಲ. ಹಲಗೆ ಬಿಟ್ಟೆ. ಹೊಸ್ತಿಲು ದಾಟಿ ಮೆಟ್ಟಿಲಿಳಿದು, ಬಚ್ಚಲ ತನಕ ಹೋಗಿ, ಆಚೆ ಬಯಲಲ್ಲಿ ನಿಂತೆ. ಅಲ್ಲಿಂದ ಬಿಳಿ ಅಂಗಿ ಕಾಣಿಸುತ್ತಿತ್ತು.

ಚೇತು ಕಲ್ಲು ಹೇರಿ, ಕೈ ಒರೆಸಿಕೊಂಡು ಓಡಿಬಂದ. ನನ್ನನ್ನು ದಾಟಿ ಸೀದಾ ಒಳಗೆ ಹೋದ.

"ಅತ್ತೆ, ಬೆಕ್ಕು ಬಂದಿತ್ತು. ಅಪ್ಪ ಓಗ್ಲಿಲ್ಲ, ಅಲ್ಲೇ ಇದ್ರು."

"ಊಂ, ನಾನೂ ನೋಡ್ದೆ. ಕೈ ತೊಳ್ಕೊ," ಅಂದಳು ಸುಂದ್ರಿ.

ಊಟಕ್ಕೆ ಕೂತೆವು. ಮುದ್ದೆ ನನ್ನ ತಟ್ಟೆಗಿಟ್ಟು ಸಾರು ಬಿಡುತ್ತಾ ಅವಳು ನನ್ನ ಕಡೆ ನೋಡದೆ ಹೇಳಿದಳು: "ಆ ಗುಂಡುಕಲ್ಲು ಗಾಳಿಗೆ ಅಂತ ಮಡಗಿದ್ದು ಕಣಣ್ಣ."

ನಾನು ಏನೂ ಕೇಳಿರಲಿಲ್ಲ.